ಸುಳ್ಳು ಹೇಳುವ ಮುಳ್ಳಿಗೆ ಮುಳ್ಳಕ್ಕನ ಮದ್ದು

ಬೆಳಗಿನ ಆರು ಗಂಟೆ. ಮೀಟರ್ ರಿಪೇರಿ ಶೆಡ್ಡಿನ ಮುಂದೆ ಇಪ್ಪತ್ತೆಂಟು ವರ್ಷದ ಮೋಟರ್‌ಹೋಮ್ ನಿಂತಿದೆ. ಒಳಗೆ ಒಲೆ, ಮಂಚ, ಕಿಟಕಿಗೆ ಹೂವಿನ ಪರದೆ. ಹೊರಗೆ ಅದರ ಯಜಮಾನರು, ನಿವೃತ್ತ ಅಂಚೆಯಣ್ಣ, ಬಲಗೈ ಚಾಚಿಕೊಂಡು ನಿಂತಿದ್ದಾರೆ. ಇದು ವ್ಯಾಯಾಮವಲ್ಲ. ಸದ್ಯಕ್ಕೆ ಅವರೇ ತಮ್ಮ ಗಾಡಿಯ ಡೀಸೆಲ್ ಮೀಟರಿನ ಮುಳ್ಳು.

ತಿರುವಿನಲ್ಲಿ ಹೇಗೆ ಎಂದು ಶೆಡ್ಡಿನ ಒಡತಿ ಮುಳ್ಳಕ್ಕ ಕೇಳುತ್ತಾರೆ. ಕೈ ಅಲ್ಲಾಡುವುದಿಲ್ಲ. ಲೈಟ್ ಹಾಕಿದಾಗ? ಕೈ ದೊಪ್ಪನೆ ತೊಡೆಗೆ ಬೀಳುತ್ತದೆ.

"ಅಷ್ಟು ಜೋರಾಗಲ್ಲ ರೀ. ಅದು ನೀವು ಸೋಫಾ ಮೇಲೆ ಬೀಳೋ ಥರ ಆಯ್ತು," ಎಂದು ಹೆಂಡತಿ ತಿದ್ದುತ್ತಾರೆ.

ಮೀಟರ್ ರಿಪೇರಿಯ ಮುಳ್ಳಕ್ಕನ ಪದ್ಧತಿಯೇ ಇದು. ಗಿರಾಕಿ ಐದು ನಿಮಿಷ ಮುಳ್ಳಾಗದೆ ಅವರು ಸ್ಪ್ಯಾನರ್ ಮುಟ್ಟುವುದಿಲ್ಲ. ದಿನಕ್ಕೆ ನಾಲ್ಕು ಗಾಡಿ, ಮೂವತ್ತೊಂದು ವರ್ಷ. ಮೊದಮೊದಲು ಬಂದವರೆಲ್ಲ ಇವರ ಮುಖ ನೋಡಿ ಮೇಸ್ತ್ರಿ ಎಲ್ಲಿ ಎನ್ನುತ್ತಿದ್ದರು. "ಒಳಗೆ ಹೋಗಿ ಟೋಪಿ ಹಾಕ್ಕೊಂಡು ಬಂದು, 'ಹೇಳಿ, ನಾನೇ ಮೇಸ್ತ್ರಿ' ಅಂತಿದ್ದೆ," ಎಂದು ಗಂಡುದನಿ ತೆಗೆದು ನಗುತ್ತಾರೆ.

ಇವತ್ತಿನ ಕೇಸು ಮಾತ್ರ ನಾಜೂಕು. ಹೋದ ವಾರ ಮುಳ್ಳು ಖಾಲಿ ತೋರಿಸಿದರೂ ಲೈಟಿನ ಆಟವೆಂದು ಅಂಚೆಯಣ್ಣ ನಂಬದೆ, ಡೀಸೆಲ್ ಮುಗಿದು ಗಾಡಿ ನಡುರಸ್ತೆಯಲ್ಲಿ ನಿಂತು, ಹೆಂಡತಿಯ ಸಹನೆಯೂ ಅಲ್ಲೇ ಖಾಲಿಯಾಗಿದೆ. ಹತ್ತಕ್ಕೆ ಕೊಳ್ಳುವವರು ಬರುತ್ತಾರೆ. ಅಷ್ಟರಲ್ಲಿ ಮುಳ್ಳು ನೆಟ್ಟಗಾಗದಿದ್ದರೆ ಗಾಡಿ ಅವರ ಪಾಲು. ಅಂಚೆಯಣ್ಣನ ಮುಖ ವಿಳಾಸ ತಪ್ಪಿದ ಕಾಗದದಂತಾಗಿದೆ.

ತಿರುವಿನಲ್ಲಿ ಆಡಿದ್ದರೆ ಟ್ಯಾಂಕಿನೊಳಗೆ ಡೀಸೆಲ್ ಮಟ್ಟ ಅಳೆಯುವ ತೇಲುಗುಂಡಿನ ಮೇಲೆ ಅನುಮಾನ. ಲೈಟಿಗೆ ಬೀಳುತ್ತದೆಂದರೆ, ಹಿಂದಿನ ದೀಪಕ್ಕೂ ಟ್ಯಾಂಕಿಗೂ ಒಂದೇ ಆಗಿರುವ ಅರ್ಥ್ ವೈರಿನ ಮೇಲೆ. ಮುಳ್ಳಕ್ಕ ಗಾಡಿಯಡಿ ತೂರಿ, ಬೇರೊಂದು ವೈರಿನಿಂದ ಟ್ಯಾಂಕಿನ ಅರ್ಥ್ ತುದಿಯನ್ನು ನೇರ ಬ್ಯಾಟರಿಗೆ ಜೋಡಿಸುತ್ತಾರೆ. ಲೈಟ್ ಹಾಕಿದರೂ ಮುಳ್ಳು ಕಾಲು ಟ್ಯಾಂಕಿನಲ್ಲೇ ಗಟ್ಟಿಯಾಗಿ ನಿಂತಿದೆಯೆಂದು ಒಳಗಿನಿಂದ ಹೆಂಡತಿಯ ವರದಿ ಬರುತ್ತದೆ.

ಅರ್ಥ್ ವೈರಿನ ಹಳೆಯ ಬೋಲ್ಟ್ ಬಿಚ್ಚಿದರೆ ಅಡಿಯಲ್ಲಿ ಮಿರಮಿರ ಹಸಿರು ಬಣ್ಣ. ತುಕ್ಕು ಹಿಡಿಯಬಾರದೆಂದು ಅಂಚೆಯಣ್ಣ ಹೋದ ತಿಂಗಳು ಅಕ್ಕರೆಯಿಂದ ಒಂದೊಂದೇ ವೈರ್ ಬಿಚ್ಚಿ, ಕಬ್ಬಿಣಕ್ಕೆ ಎರಡೆರಡು ಸಲ ಬಣ್ಣ ಬಳಿದು, ಅದರ ಮೇಲೆಯೇ ವೈರ್ ಮತ್ತೆ ಬಿಗಿದಿದ್ದರಂತೆ.

"ಬಣ್ಣದ ಮೂಲಕ ಕರೆಂಟ್ ಹರಿಯಲ್ಲ ಅಂಚೆಯಣ್ಣ. ಅಂಚೆಡಬ್ಬಿ ಬಾಯಿಗೇ ಬಣ್ಣ ಬಳಿದು ಮುಚ್ಚಿದೀರಲ್ಲ."

ಉಜ್ಜುಕಾಗದದಿಂದ ಕಬ್ಬಿಣ ಹೊಳೆಯುವವರೆಗೆ ತಿಕ್ಕಿ ಬೋಲ್ಟ್ ಬಿಗಿಯುವ ಹೊತ್ತಿಗೆ ಒಂಬತ್ತೂಮುಕ್ಕಾಲು. ಕೊಳ್ಳುವವರ ಫೋನ್ ಬರುತ್ತದೆ. ಹೆಂಡತಿ ಒಮ್ಮೆ ಮುಳ್ಳು ನೋಡಿ, ಒಮ್ಮೆ ಗಂಡನನ್ನು ನೋಡಿ, ಸಾವಕಾಶವಾಗಿ ಉತ್ತರಿಸುತ್ತಾರೆ: "ಗಾಡಿ ಕೊಡಲ್ಲ. ಗಂಡ ಬೇಕಾದ್ರೆ ಹೇಳಿ, ಯೋಚಿಸ್ತೀನಿ."

ಬಿದ್ದು ಬಿದ್ದು ನಕ್ಕ ಮುಳ್ಳಕ್ಕ ಕೈಯ ಗ್ರೀಸ್ ಒರೆಸಿಕೊಳ್ಳುತ್ತಾರೆ. ಮೋಟರ್‌ಹೋಮ್ ಹಾಡುಹಗಲಲ್ಲೇ ಲೈಟ್ ಹಾಕಿಕೊಂಡು ಬೀಗುತ್ತ ರಸ್ತೆಗಿಳಿಯುತ್ತದೆ. ನಿಮ್ಮ ಆಸೆಯೇನೆಂದು ಮುಳ್ಳಕ್ಕನನ್ನು ಕೇಳಿದರೆ, ಗಾಡಿ ಮರೆಯಾಗುವವರೆಗೆ ನೋಡಿ ಹೇಳುತ್ತಾರೆ:

"ಗಾಡಿ ಕೆಟ್ಟಾಗ ತಾನೆ ಮೇಸ್ತ್ರಿ ನೆನಪಾಗೋದು? ಇವರಿಬ್ರೂ ನನ್ನ ಮರೆತೇ ಬಿಡ್ಲಿ."