ಇಡಗುಂಜಿಯಲ್ಲಿ ಮಾಡದ ಆಣೆ

ಮೊನ್ನೆ ಹೊಳನಗದ್ದೆಯ ನಮ್ಮ ಮನೆಯ ಗೇಟಿನ ಎದುರು ಮೀನಿನ ಸ್ಕೂಟರ್ ಬಂದು ನಿಂತಿತು. ಅಣ್ಣ ತೀರಿಕೊಂಡ ಮೇಲೆ ನಾನು ಮೀನು ತೆಗೆದುಕೊಂಡದ್ದು ಅದೇ ಮೊದಲು. ಪೆಟ್ಟಿಗೆಯ ಮುಚ್ಚಳ ತೆಗೆದಾಗ ಕರಗಿದ ಐಸಿನ ಜೊತೆ ಬಂಗಡೆಯ ವಾಸನೆ ಮುಖಕ್ಕೆ ಬಂತು. “ತಾಜಾ ಅಮ್ಮಾ, ಈಗ ಬೋಟಿಂದ ಇಳ್ಸಿದ್ದು” ಎಂದ ಸ್ಕೂಟರಿನವ. ಮೀನಿನ ಕಣ್ಣು ಬೇರೆಯೇ ಹೇಳುತ್ತಿತ್ತು. ನಾನು ಆರು ಬಂಗಡೆ ತೆಗೆದುಕೊಂಡು ಒಳಗೆ ಬಂದೆ. ಪಾತ್ರೆ ಕೆಳಗಿಟ್ಟು ಅಲ್ಲೇ ಕುಳಿತುಬಿಟ್ಟೆ.

ಅಣ್ಣ ಮಂಕಿಯಲ್ಲಿ ಸೈಕಲ್ ಮೇಲೆ ಮೀನು ಮಾರುತ್ತಿದ್ದ. ಬೆಳಿಗ್ಗೆ ಹೊನ್ನಾವರದ ಬಂದರಿಗೆ ಹೋಗಿ ಬುಟ್ಟಿ ತುಂಬಿಕೊಂಡು, ಏರು ದಾರಿಯ ಮನೆಗಳವರೆಗೂ ತುಳಿಯುತ್ತಿದ್ದ. ಅವನದೊಂದು ವಿಚಿತ್ರ ಅಭ್ಯಾಸ. ಬೋಟಿನಿಂದ ಇಳಿಸುವುದನ್ನು ತಾನೇ ಕಂಡಿದ್ದರೆ ಮಾತ್ರ ತಾಜಾ ಎನ್ನುವನು. ಇಲ್ಲದಿದ್ದರೆ, “ನಾ ಕಂಡಿಲ್ಲ ಅಕ್ಕಾ, ನೀವೇ ಕಿವಿರು ಬಿಡಿಸಿ ನೋಡಿ” ಅನ್ನುವನು. ಹೀಗೆ ಮಾರಿದರೆ ಯಾರು ಕೊಳ್ಳುತ್ತಾರೆ ಎಂದು ನಾವು ನಗುತ್ತಿದ್ದೆವು. ಆದರೆ ಕೊಳ್ಳುತ್ತಿದ್ದರು. ಅವನ ದಾರಿಯನ್ನೇ ಕಾಯುತ್ತಿದ್ದರು.

ಏರು ತುಳಿಯುವ ಆ ಕಾಲಿನ ಕಸುವು ನೋಡಿಯೇ ಹೊರ ಊರಿನ ಒಂದು ಸೈಕಲ್ ತಂಡದವರು ಅವನನ್ನು ಸಂಬಳಕ್ಕೆ ಇಟ್ಟುಕೊಂಡದ್ದು. ಭಟ್ಕಳದಿಂದ ಕುಮಟೆಗೆ ಸೈಕಲ್ ರೇಸ್ ನಡೆಯಲಿತ್ತು. ಅದನ್ನೇ ಕಸುಬು ಮಾಡಿಕೊಂಡ ಸವಾರರ ರೇಸ್. ನನಗೆ ಸೈಕಲ್ಲಿನ ಬಗ್ಗೆ ಏನೂ ತಿಳಿಯದು. ಮದುವೆಯಾದ ಹೊಸತರಲ್ಲಿ ಗಂಡನ ಸೈಕಲ್ ಹತ್ತಲು ಹೋಗಿ ನಾಟಿ ಮಾಡಿದ ಗದ್ದೆಗೆ ಬಿದ್ದವಳು ನಾನು. ಎದ್ದು ಬಂದಾಗ ಅತ್ತೆ ನನ್ನ ಮೈಕೈ ನೋಡುವ ಮೊದಲು ಸಸಿಗಳನ್ನು ನೋಡಿದ್ದರು. “ಬಸ್ಸಿರೂವಾಗ ಕುಮಟೆಗೆ ಸೈಕಲ್ ಮೇಲೆ ಎಂತಕೆ ಹೋಗೂದು?” ಎಂದು ಅಣ್ಣನಿಗೆ ಕೇಳಿದ್ದೆ. “ಬಸ್ಸಿಗಿಂತ ಮುಂಚೆ ಮುಟ್ತೆ, ಕಾಣು” ಎಂದಿದ್ದ.

ರೇಸಿನ ದಿನ ನಾನು ಶರಾವತಿ ಸೇತುವೆ ದಾಟಿದಲ್ಲಿ ಮೀನು ಮಾರುವ ಹೆಂಗಸರ ಜೊತೆ ನಿಂತಿದ್ದೆ. ಸವಾರರು ಬಂದರು. ಅಣ್ಣ ಏಳನೆಯವನೋ ಎಂಟನೆಯವನೋ ಇದ್ದ. ಬಾಯಿ ತೆರೆದಿತ್ತು, ಮುಖ ಬೂದಿಯ ಹಾಗಿತ್ತು. ತಂಡದ ಮ್ಯಾನೇಜರ್ ಜೀಪಿನಿಂದ ಕೈ ಹೊರಗೆ ಚಾಚಿ ಒಂದು ಬಾಟಲಿ ಕೊಟ್ಟ. ಮುಂದಿದ್ದ ಅವರದೇ ತಂಡದ ಇಬ್ಬರಿಗೂ ಕೊಟ್ಟಿದ್ದ. ಅಣ್ಣ ಗಟಗಟ ಕುಡಿದು ಬಾಟಲಿ ಎಸೆದು ಹೋದ. ನಾವು ಗಂಟಲು ಹರಿಯುವಂತೆ ಕೂಗಿದೆವು. ಕುಮಟೆಯಲ್ಲಿ ಅವನು ಮೂರನೆಯವನಾಗಿ ಮುಟ್ಟಿದ. ಮೊದಲೆರಡು ಸ್ಥಾನ ಆ ಇಬ್ಬರದು.

ಕೆಲವು ವಾರಗಳ ನಂತರ ಪೇಪರಿನಲ್ಲಿ ಬಂತು. ಮೊದಲ ಇಬ್ಬರ ಮೂತ್ರ ಪರೀಕ್ಷೆಯಲ್ಲಿ ಉದ್ದೀಪನ ಮದ್ದು ಸಿಕ್ಕಿತ್ತು. ಮೂರನೆಯವನ ಮೂತ್ರವನ್ನು ತೆಗೆದೇ ಇರಲಿಲ್ಲ. ರೇಸನ್ನೇ ರದ್ದು ಮಾಡಿದರು. ತಂಡದವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ನೀವೇ ಯೋಚಿಸಿ, ಸಿಕ್ಕಿಬಿದ್ದವರು ಎಲ್ಲೋ ದೂರದ ಊರಿನವರು. ನಮ್ಮೂರಿನ ಬೀದಿಯಲ್ಲಿ ಬುಟ್ಟಿ ಕಟ್ಟಿಕೊಂಡು ತಿರುಗಬೇಕಾದವನು ಅಣ್ಣ ಒಬ್ಬನೇ.

ಮೊದಮೊದಲು ತಮಾಷೆ. “ಓ ಮಾರಾಯಾ, ಬಂಗಡೆಗೂ ಇಂಜೆಕ್ಷನ್ ಕೊಟ್ಟಿದ್ಯಾ? ಬುಟ್ಟಿಯೊಳಗೇ ಓಡ್ತದಲಾ!” ಎಂದು ಒಬ್ಬಳು ಜಗಲಿಯಿಂದಲೇ ಕೂಗಿದಳಂತೆ. “ಇಲ್ಲ ಅಕ್ಕಾ, ಇದು ನಿನ್ನೆದು, ಎದ್ದು ಕೂರೂಕೂ ಆಗೂದಿಲ್ಲ ಅದ್ಕೆ” ಎಂದು ಇವನೂ ನಕ್ಕನಂತೆ. ಆಮೇಲೆ ಕೂಗುವವರು ಕಡಿಮೆಯಾದರು. ಬುಟ್ಟಿ ಅರ್ಧ ತುಂಬಿಯೇ ಮನೆಗೆ ಬರತೊಡಗಿತು.

ಇಡಗುಂಜಿಗೆ ಹೋಗಿ ಆಣೆ ಮಾಡಿಬಿಡು ಎಂದು ಹೇಳಿಕೊಟ್ಟವಳು ನಾನೇ. ಮಹಾಗಣಪತಿಯ ಎದುರು ಕಾಯಿ ಹಿಡಿದು ಹೇಳಿದ ಮಾತನ್ನು ನಮ್ಮ ಕಡೆ ಯಾರೂ ತೆಗೆದುಹಾಕುವುದಿಲ್ಲ. ರೇಸಿನಲ್ಲಿ ಮೊದಲು ಬಂದವನು ಕೂಡ ತನ್ನ ಊರಿನ ದೇವರ ಮುಂದೆ ಮದ್ದು ತಿಂದಿಲ್ಲವೆಂದು ಆಣೆ ಮಾಡಿದ ಫೋಟೊ ಪೇಪರಿನಲ್ಲಿ ಬಂದಿತ್ತು. ಅಣ್ಣ ಒಪ್ಪಿದ. ನಾನು, ಅತ್ತಿಗೆ, ಬಂದರಿನ ಇಬ್ಬರು ಹಿರಿಯರು ಜೊತೆಗೆ ಹೋದೆವು. ಅಣ್ಣ ಕಾಯಿ ಹಿಡಿದು ತುಂಬ ಹೊತ್ತು ನಿಂತ. ಹಿಂದೆ ನಿಂತವರ ಸಾಲು ಬೆಳೆಯಿತು. ಕೊನೆಗೆ ಕಾಯಿಯನ್ನು ಭಟ್ಟರ ಕೈಗೆ ಕೊಟ್ಟು, “ಸುಮ್ನೆ ಒಡೀರಿ, ಹಣ್ಣುಕಾಯಿ ಮಾಡೂಕೆ” ಎಂದ.

ಹೊರಗೆ ಬಂದ ಮೇಲೆ ನಾನು ಸಿಟ್ಟಿನಿಂದ ಕೇಳಿದೆ, “ಎಂತಕೆ ಹೇಳ್ಲಿಲ್ಲ?”

“ಬಾಟ್ಲಿ ಕೊಟ್ರು, ಕುಡ್ದೆ. ಒಳಗೆ ಎಂತ ಇತ್ತು ಅಂತ ನಾ ಕಂಡಿದ್ನಾ?”

“ಹಂಗಾರೆ ತಗಂಡಿದ್ದೆ ಅಂತಲೇ ಆತು.”

ಅವನು ನನ್ನ ಮುಖ ನೋಡಿದ. ಚಪ್ಪಲಿ ಹಾಕಿಕೊಂಡು ಮುಂದೆ ನಡೆದ. ಬಂದರಿನ ಹಿರಿಯರು ಒಬ್ಬರನ್ನೊಬ್ಬರು ನೋಡಿಕೊಂಡರು. ಸಂಜೆಯೊಳಗೆ ಮಂಕಿಗೆಲ್ಲ ಗೊತ್ತಾಗಿತ್ತು.

ಆಮೇಲೆ ಅವನು ಸೈಕಲ್ ಬಿಟ್ಟು ಬೇರೆಯವರ ಬೋಟಿಗೆ ಕೂಲಿಗೆ ಹೋದ. ನಾನು ಹಬ್ಬಕ್ಕೆ ಹೋಗುತ್ತಿದ್ದೆ, ಊಟ ಬಡಿಸಿಕೊಳ್ಳುತ್ತಿದ್ದೆ, ಆ ಮಾತು ಮಾತ್ರ ಮತ್ತೆ ತೆಗೆಯಲಿಲ್ಲ. ತಗೊಂಡಿದ್ದಾನೆ, ಪಾಪ, ನಮ್ಮಣ್ಣನೇ ಅಲ್ಲವೇ ಎಂದು ಕ್ಷಮಿಸಿದವಳ ಹಾಗೆ ಇದ್ದೆ. ಇಷ್ಟು ವರ್ಷ ಆ ಕ್ಷಮೆಯ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆ ಕೂಡ ಇತ್ತು. ಬರೆಯಲು ನಾಚಿಕೆಯಾಗುತ್ತದೆ.

ಈ ವರ್ಷ ಬಲೆ ಎಳೆಯುವಾಗ ಎದೆ ಹಿಡಿದುಕೊಂಡು ಕುಳಿತವನು ಏಳಲಿಲ್ಲ. ಹೃದಯ ಎಂದರು ಡಾಕ್ಟರು. ಮನೆ ಮುಂದೆ ಕುರ್ಚಿ ಹಾಕಿ ಕುಳಿತವರಲ್ಲಿ ಒಬ್ಬ, “ಆಗ ತಿಂದದ್ದು ಈಗ ಹೊಡೀತು” ಎಂದ. ಅಣ್ಣನ ಮಗಳು ಚಹಾದ ತಟ್ಟೆ ಹಿಡಿದು ಅವನ ಹಿಂದೆಯೇ ನಿಂತಿದ್ದಳು.

ಅವಳು ಈಗ ಹೊನ್ನಾವರದಲ್ಲಿ ಟೀಚರ್. ಹನ್ನೆರಡನೆಯ ದಿನದ ಊಟ ಮುಗಿದ ಮೇಲೆ ನನ್ನನ್ನು ಬಾವಿಕಟ್ಟೆಯ ಹತ್ತಿರ ಕರೆದಳು.

“ಅತ್ತೆ, ಅಪ್ಪ ತಗಂಡಿದ್ನಾ?”

“ಇಲ್ಲ ಮಗಾ” ಎಂದೆ, ಅವಳ ಸಮಾಧಾನಕ್ಕೆ.

“ತಲೆ ಮುಟ್ಟಿ ಹೇಳು.” ನನ್ನ ಕೈ ಹಿಡಿದು ತನ್ನ ತಲೆಯ ಹತ್ತಿರ ತಂದಳು.

ಕೈ ಅವಳ ಕೂದಲಿನಿಂದ ಒಂದು ಬೆರಳಿನಷ್ಟು ದೂರದಲ್ಲಿ ನಿಂತಿತು. ಅಣ್ಣ ಗೊತ್ತಿದ್ದೂ ಮೋಸ ಮಾಡುವವನಲ್ಲ ಎಂದು ಎಷ್ಟು ತಲೆ ಬೇಕಾದರೂ ಮುಟ್ಟಿ ಹೇಳುತ್ತಿದ್ದೆ. ಆದರೆ ಬಾಟಲಿಯ ಒಳಗೆ ಏನಿತ್ತೆಂದು ನಾನು ಕಂಡಿರಲಿಲ್ಲ. ಕಾಣದ್ದಕ್ಕೆ ಈ ಹುಡುಗಿಯ ತಲೆಯನ್ನು ಹೇಗೆ ಒತ್ತೆ ಇಡುವುದು? ಅಣ್ಣ ಕಾಯಿ ಹಿಡಿದು ಯಾಕೆ ಅಷ್ಟು ಹೊತ್ತು ನಿಂತ ಎಂದು ನನಗೆ ಆಗ ತಿಳಿಯಿತು. ಮದ್ದು ಗೊತ್ತಿದ್ದೇ ತಿಂದವನಿಗೆ ಆಣೆ ಕಷ್ಟವಾಗುತ್ತಿರಲಿಲ್ಲ.

ಅವಳು ನನ್ನ ಕೈ ಬಿಟ್ಟಳು. ಬಾಟಲಿಯ ವಿಷಯ, ಜೀಪಿನ ವಿಷಯ, ಎಲ್ಲ ಬಿಡಿಸಿ ಹೇಳಿದೆ. ಹೇಳಿದಷ್ಟೂ ಅದು ನೆವದ ಹಾಗೆ ನನಗೇ ಕೇಳಿಸತೊಡಗಿತು. ಅವಳು ತಲೆಯಾಡಿಸುತ್ತಲೇ ಇದ್ದಳು, ಕೇಳುತ್ತಿರಲಿಲ್ಲ. ಅಂದಿನಿಂದ ಫೋನ್ ಮಾಡಿದರೆ ಎತ್ತುತ್ತಾಳೆ, ಊಟ ಆಯಿತೇ ಎಂದು ಕೇಳುತ್ತಾಳೆ. ಅಪ್ಪನ ಹೆಸರು ಎತ್ತುವುದಿಲ್ಲ. ಅವಳ ದನಿಯಲ್ಲಿ ಒಂದು ಮೆದುತನವಿದೆ. ಅದೇನೆಂದು ನನಗೆ ಚೆನ್ನಾಗಿ ಗೊತ್ತು. ಅವಳು ಅಪ್ಪನನ್ನು ಕ್ಷಮಿಸಿದ್ದಾಳೆ.