ಬೂದಿ ಬಿದ್ದ ಕಾಫಿ ತೋಟದಲ್ಲಿ ಒಂದು ದಿನ

ಏಪ್ರಿಲ್‌ನಲ್ಲಿ, ಹೂ ಮಳೆಯ ಬೆನ್ನಿಗೆ ಬರುವ ಬ್ಯಾಕಿಂಗ್ ಮಳೆ ಮುಗಿದ ಮೇಲೆ, ಮಾದಾಪುರದಿಂದ ಬೆಳಗಿನ ಬಸ್ಸಿಗೆ ಹೊರಟೆವು. ಸಣ್ಣ ಬೆಳೆಗಾರರು ಹನ್ನೊಂದು ಮಂದಿ, ಜೊತೆಗೆ ನನ್ನ ಮೊಮ್ಮಗಳು ಪಲ್ಲವಿ. ಜಾವಾ ದ್ವೀಪದಲ್ಲಿ ಕಾಫಿ ಹೇಗೆ ಬೆಳೆಯುತ್ತಾರೆ ಎಂದು ನೋಡಿ ಬರುವ ಪ್ರವಾಸ. ಹೋಗಬೇಕಾಗಿದ್ದವನು ನನ್ನ ಮಗ. ಅವನ ಪಾಸ್‌ಪೋರ್ಟ್ ಸಮಯಕ್ಕೆ ಬರಲಿಲ್ಲ. ಮಗಳ ಬಾಣಂತನಕ್ಕೆ ಮಸ್ಕತ್ತಿಗೆ ಹೋಗಲು ಮಾಡಿಸಿದ್ದು ನನ್ನ ಹತ್ತಿರ ಇತ್ತು. ನಾನು ಓದಿದ್ದು ನಾಲ್ಕನೇ ಕ್ಲಾಸು. ತೋಟದ ಕೆಲಸ ಮಾತ್ರ ಅವನಿಗಿಂತ ನನಗೆ ಚೆನ್ನಾಗಿ ಗೊತ್ತು. ಅದಕ್ಕೇ ಹೋದೆ.

ಬೆಂಗಳೂರಿನಿಂದ ವಿಮಾನ, ನಡುವೆ ಕೌಲಾಲಂಪುರದಲ್ಲಿ ಐದು ಗಂಟೆ ಕುರ್ಚಿಯ ಮೇಲೆ, ಮತ್ತೆ ವಿಮಾನ. ಸುರಬಾಯದಲ್ಲಿ ಇಳಿದಾಗ ಮಂಗಳೂರಿನಂಥ ಸೆಖೆ. ಗೈಡ್ ಅಗುಸ್ ಅಲ್ಲೇ ಸುದ್ದಿ ಹೇಳಿದ. ನಾವು ಹೋಗಬೇಕಾದ ಕಡೆಯ ಬೆಂಕಿಗುಡ್ಡ ಒಂಬತ್ತು ದಿನದ ಹಿಂದೆ ಬೂದಿ ಕಾರಿದೆಯಂತೆ. ಈಗ ಸುಮ್ಮನಿದೆ, ಊರುಗಳಿಗೆ ಹೋಗಲು ಅಡ್ಡಿಯಿಲ್ಲವಂತೆ. ಹೋಗುವುದು ಬಿಡುವುದು ನಮಗೆ ಬಿಟ್ಟದ್ದು.

"ಬೂದಿ ತಾನೇ," ಎಂದರು ಶನಿವಾರಸಂತೆ ಕಡೆಯ ಬಸಪ್ಪಣ್ಣ. "ದಿನಾ ಹಣೆಗೆ ಹಚ್ಚೋದೇ."

ಮರುದಿನ ಐದು ಗಂಟೆ ಹೊತ್ತು ಬಸ್ಸಿನಲ್ಲಿ ಕೂತೆವು. ಗದ್ದೆ, ತೆಂಗು, ಬಿದಿರು, ಎಲ್ಲ ನಮ್ಮ ಕಡೆಯ ಹಾಗೇ ಹಸಿರು. ಒಂದು ತಿರುವು ಕಳೆದದ್ದೇ ಬಣ್ಣ ಹೋಯಿತು. ಬಾಳೆ, ಬೇಲಿ, ಹಂಚು, ಮಲಗಿದ ನಾಯಿ, ಎಲ್ಲ ಒಂದೇ ಬೂದು. ಕಣ್ಣಿಗೆ ಪೊರೆ ಬಂತೇನೋ ಎಂದು ಕನ್ನಡಕ ಒರೆಸಿದೆ. ಗಾಜಿಗೆ ಗೀರು ಬಿತ್ತು. ಜನ ಮಾಡು ಹತ್ತಿ ಹಲಗೆಯಿಂದ ಬೂದಿ ಕೆರೆದು ಕೆಳಗೆ ದೂಡುತ್ತಿದ್ದರು. ಮಳೆ ಬಿದ್ದರೆ ಭಾರ ಏರಿ ಮಾಡು ಕುಸಿಯುತ್ತದಂತೆ. ಒಂದು ಮನೆಯದು ಕುಸಿದೇ ಇತ್ತು. ಒಳಗಿನ ಮಂಚ ರಸ್ತೆಗೆ ಕಾಣುತ್ತಿತ್ತು.

ಬಸಪ್ಪಣ್ಣ ಇಳಿದವರೇ ಒಂದು ಚಿಟಿಕೆ ತೆಗೆದು ಮೂರು ಪಟ್ಟೆ ಎಳೆದುಕೊಂಡರು. ಊಟದ ಹೊತ್ತಿಗೆ ಹಣೆ ಕೆಂಪಾಗಿ ಉರಿ ಹತ್ತಿತು.

"ಹೋಗಿ ತೊಳಕೊಳ್ಳಿ," ಎಂದೆ. "ಸಿಕ್ಕಿದ್ದನ್ನೆಲ್ಲ ಹಚ್ಚಿಕೊಳ್ಳೋದಾ?"

ನಾನೇನು ಕಮ್ಮಿಯಿಲ್ಲ. ನಮಗೆ ಊಟ ಹಾಕಿದ ಮನೆಯವಳ ಹೆಸರು ಸುಮಿ, ನಲವತ್ತೈದರ ಹೆಂಗಸು. ಗಂಡ ಇಲ್ಲ. ಒಂದು ಎಕರೆ ರೋಬಸ್ಟಾ, ನಾಲ್ಕು ಆಡು. ಅನ್ನ, ಖಾರದ ಚಟ್ನಿ, ಎಣ್ಣೆಯಲ್ಲಿ ಕರಿದ ಸೋಯಾ ಬಿಲ್ಲೆ ಹಾಕಿದಳು. ಉಂಡ ತಟ್ಟೆಯನ್ನು ಅವಳ ಕೈಗೆ ಕೊಡಬಾರದೆಂದು ಅಂಗಳದ ಬೂದಿ ಹಾಕಿ ನಾನೇ ತಿಕ್ಕಿದೆ. ಬಿಳಿ ತಟ್ಟೆಯ ತುಂಬ ಗೀರು.

"ಅಜ್ಜಿ, ಅದು ಒಲೆ ಬೂದಿ ಅಲ್ಲ," ಎಂದಳು ಪಲ್ಲವಿ. "ಒಳಗೆ ಕರಗಿದ ಕಲ್ಲು ಪುಡಿಯಾಗಿ ಬಂದಿರೋದು. ಗಾಜಿನ ಪುಡಿ ಅಂದ್ಕೋ."

"ತಿಕ್ಕೋ ಮೊದಲು ಹೇಳೋಕೆ ಬಾಯಿಗೆ ಏನಾಗಿತ್ತು?"

ಸುಮಿ ತಟ್ಟೆ ನೋಡಿ ನಕ್ಕಳು. ಆಮೇಲೆ ಕಾಫಿ ಕೊಟ್ಟಳು. ಅಲ್ಲಿ ಪುಡಿಗೆ ಬಿಸಿನೀರು ಹೊಯ್ದು ಸೋಸದೆ ಕುಡಿಯುತ್ತಾರೆ. ಹಲ್ಲಿಗೆ ಸಿಕ್ಕಿದ್ದು ಕಾಫಿಯೋ ಬೂದಿಯೋ ತಿಳಿಯಲಿಲ್ಲ. ನುಂಗಿದೆ.

ಮಧ್ಯಾಹ್ನ ತೋಟಕ್ಕೆ ಕರೆದುಕೊಂಡು ಹೋದಳು. ಇನ್ನೊಂದು ತಿಂಗಳಿಗೆ ಕೊಯ್ಲಾಗಬೇಕಾದ ಗಿಡಗಳು. ಬೂದಿ ಬಿದ್ದ ಮೇಲೆ ಒಂದೇ ಒಂದು ಮಳೆ ಬಂದು, ಬೂದಿ ಎಲೆಯ ಮೇಲೆ ಸಿಮೆಂಟಿನ ಹಾಗೆ ಗಟ್ಟಿಯಾಗಿತ್ತು. ಕೊಂಬೆ ಮುರಿದು ನೇತಾಡುತ್ತಿದ್ದವು. ಕೋಲಿನಿಂದ ತಟ್ಟಿದರೆ ಬೂದಿಯ ಜೊತೆ ಎಲೆಯೂ ಬೀಳುತ್ತಿತ್ತು. ಇಲಾಖೆಯವರು ಬಂದು, ನಾಲ್ಕಾರು ವರ್ಷ ಕಳೆದರೆ ಈ ಮಣ್ಣು ಚಿನ್ನ ಎಂದು ಹೇಳಿ ಹೋಗಿದ್ದರಂತೆ. ಅಕ್ಕಪಕ್ಕದವರು, ಬುಡದಿಂದ ಹೊಸದಾಗಿ ಚಿಗುರಲೆಂದು, ಗಿಡವನ್ನೆಲ್ಲ ಮೊಣಕಾಲೆತ್ತರಕ್ಕೆ ಕತ್ತರಿಸಿದ್ದರು. ಬೆಳಗಾದರೆ ಗರಗಸದವರು ಇವಳ ತೋಟಕ್ಕೂ ಬರುವವರಿದ್ದರು.

ಕತ್ತರಿಸಿದರೆ ಮೂರು ವರ್ಷ ಬೆಳೆಯಿಲ್ಲ, ಅವಳಿಗೆ ಬೇರೆ ಆದಾಯವೂ ಇಲ್ಲ. ಬಿಟ್ಟು ಗಿಡ ಮೇಲಿನಿಂದ ಒಣಗುತ್ತಾ ಬಂದರೆ ಬುಡವೂ ಹೋಗುತ್ತದೆ. ಅವಳು ಅಗುಸನಿಗೆ ಏನೋ ಹೇಳಿದಳು, ಅವನು ಪಲ್ಲವಿಗೆ ಇಂಗ್ಲಿಷಿನಲ್ಲಿ ಹೇಳಿದ.

"ಅಜ್ಜಿ, ನಿನ್ನ ಕೈ ನೋಡಿದ್ರೆ ಕಾಫಿ ಕೆಲಸದ್ದು ಅಂತ ಗೊತ್ತಾಗ್ತದಂತೆ. ಕಡೀಬೇಕಾ, ಬಿಡ್ಬೇಕಾ ಅಂತ ಕೇಳ್ತಿದ್ದಾಳೆ."

ನನಗೆ ಏನು ಗೊತ್ತು? ಮಳೆ ಗೊತ್ತು, ಬೆರಿ ಬೋರರ್ ಹುಳ ಗೊತ್ತು. ಆಕಾಶದಿಂದ ಕಲ್ಲಿನ ಪುಡಿ ಬಿದ್ದದ್ದು ನಾನು ಕಂಡಿಲ್ಲ. ಆದರೂ ಸುಮ್ಮನೆ ನಿಲ್ಲಲಾಗಲಿಲ್ಲ. ಉಗುರಿನಿಂದ ಒಂದು ಕೊಂಬೆಯ ಸಿಪ್ಪೆ ಕೆರೆದೆ. ಒಳಗೆ ಹಸಿರು. ಪಕ್ಕದ್ದು ಕೆರೆದೆ. ಕಂದು.

"ಹಸಿರಿದ್ದದ್ದು ಬಿಡಲಿ, ಕಂದು ಆದದ್ದು ಕಡಿಯಲಿ," ಎಂದೆ.

ಸುಮಿಯ ಮುಖ ಅರಳಿತು. ಉಳಿದವರು ಅಗುಸನ ಜೊತೆ ಬೆಂಕಿಗುಡ್ಡ ನೋಡಲು ಹೋದರು. ನಾನು, ಪಲ್ಲವಿ, ಸುಮಿ ಮೂವರೂ ಗಿಡ ಗಿಡ ಕೆರೆಯುತ್ತಾ, ಕಡಿಯಬೇಕಾದ್ದಕ್ಕೆ ಪ್ಲಾಸ್ಟಿಕ್ ದಾರ ಕಟ್ಟುತ್ತಾ ಹೋದೆವು. ಕತ್ತಲಾಗುವಾಗ ಆರು ಸಾಲು ಮುಗಿದಿತ್ತು. ದಾರ ಕಟ್ಟಿದ್ದಕ್ಕಿಂತ ಕಟ್ಟದ್ದೇ ಜಾಸ್ತಿ. ಸುಮಿ ಹಾಡಿಕೊಳ್ಳುತ್ತಿದ್ದಳು. ನನಗೆ ನಮ್ಮ ಕೆಳಗಿನ ತೋಟ ನೆನಪಾಯಿತು.

ನಮ್ಮಲ್ಲಿ ಗುಡ್ಡ ಜರಿದ ವರ್ಷ ಕೆಳಗಿನ ತೋಟ ಎದೆಯುದ್ದ ಕೆಸರಲ್ಲಿ ನಿಂತಿತ್ತು. ಆಗಲೂ ನಾನು ಹೀಗೇ ಕೆರೆದು, ಹಸಿರಿದೆ, ಮುಟ್ಟಬೇಡಿ ಎಂದಿದ್ದೆ. ಎರಡೇ ತಿಂಗಳಿಗೆ ಬುಡ ಕೊಳೆತು ಎಲ್ಲ ಸತ್ತವು. ಅಗುಸ್ ವಾಪಸು ಬಂದ ಮೇಲೆ, ಇದನ್ನೂ ಸುಮಿಗೆ ಹೇಳು ಎಂದೆ ಪಲ್ಲವಿಗೆ. ಅವಳು ಅಗುಸನಿಗೆ ಎರಡು ಮಾತು ಹೇಳಿದಳು. ಸುಮಿ ನಗುತ್ತಲೇ ತಲೆಯಾಡಿಸಿದಳು. ನನ್ನ ಅಷ್ಟುದ್ದದ ಕಥೆಗೆ ಎರಡೇ ಮಾತು ಹೇಗೆ ಸಾಕು ಎಂದು ಆಗಲೇ ಕೇಳಬೇಕಿತ್ತು. ದಣಿದಿದ್ದೆ, ಕೇಳಲಿಲ್ಲ.

ಬೆಳಗ್ಗೆ ಏಳಕ್ಕೆ ಬಸ್ಸು ಹತ್ತಿದ ಮೇಲೆ ಕೇಳಿದೆ.

"ಹೇಳ್ಲಿಲ್ಲ," ಎಂದಳು ಪಲ್ಲವಿ. "ಹೇಗೋ ಧೈರ್ಯ ಬಂದಿತ್ತು ಪಾಪ. ಊಟ ಹಾಕಿದ್ದಕ್ಕೆ ಅಜ್ಜಿ ಥ್ಯಾಂಕ್ಸ್ ಹೇಳ್ತಿದ್ದಾಳೆ ಅಂತ ಅಷ್ಟೇ ಹೇಳ್ದೆ."

"ಧೈರ್ಯ ಉಣ್ಣೋಕಾಗ್ತದಾ? ಬಸ್ಸು ನಿಲ್ಲಿಸು ಅನ್ನು."

ತೋಟ ರಸ್ತೆಯ ಬದಿಗೇ ಇತ್ತು. ಪಲ್ಲವಿಗೂ ಅಗುಸನಿಗೂ ಕಾಯದೆ ಇಳಿದೆ. ಗರಗಸದ ಇಬ್ಬರು ದಾರ ಕಟ್ಟಿದ ಗಿಡಕ್ಕೆ ಕೈ ಹಚ್ಚಿದ್ದರು. ಸುಮಿ ಏಳನೇ ಸಾಲಿನಲ್ಲಿದ್ದಳು. ಅವಳ ಕೈ ಹಿಡಿದು ಒಂದು ಗಿಡದ ಸಿಪ್ಪೆ ಕೆರೆದು ಹಸಿರು ತೋರಿಸಿದೆ. ಆಮೇಲೆ ಎರಡು ಬೆರಳು ಎತ್ತಿದೆ, ಗಿಡ ಒರಗಿದ ಹಾಗೆ ಅಂಗೈ ಮಲಗಿಸಿದೆ, ತಲೆ ಅಲ್ಲಾಡಿಸಿದೆ. ನನ್ನ ಎದೆ ಮುಟ್ಟಿಕೊಂಡು ಮತ್ತೆ ಅದನ್ನೇ ಮಾಡಿದೆ. ನಗು ನಿಂತಿತು. ತಿಳಿಯಿತು ಅವಳಿಗೆ.

ಆರು ಸಾಲುಗಳಲ್ಲಿ ದಾರವಿಲ್ಲದ ಗಿಡಗಳ ಕಡೆ ತಿರುಗಿ ನೋಡಿದಳು. ಗರಗಸದವರು ಏನೋ ಕೇಳಿದರು. ಅವಳು ಒಂದೇ ಮಾತು ಹೇಳಿದಳು. ಅವರು ಗರಗಸ ಕೆಳಗಿಟ್ಟು ಸಿಗರೇಟು ಹಚ್ಚಿದರು. ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದ.

ಕಿಟಕಿಯಿಂದ ತಿರುಗಿ ನೋಡಿದೆ. ಸುಮಿ ಮೊದಲನೇ ಸಾಲಿಗೆ ವಾಪಸು ಹೋಗಿ, ನಿನ್ನೆ ನೋಡಿ ಬಿಟ್ಟ ಗಿಡವನ್ನು ಮತ್ತೆ ಕೆರೆಯುತ್ತಿದ್ದಳು, ಈ ಸಲ ಕೊಂಬೆಯನ್ನಲ್ಲ, ಕುಕ್ಕುರುಗಾಲಲ್ಲಿ ಕೂತು ಬೂದಿ ಬಗೆದು ಬುಡವನ್ನು.