ಕಪ್ ಗೆಲ್ಲದ ಲಿಫ್ಟರ್

ಶಿಡ್ಲಘಟ್ಟದ ವಾಲಿಬಾಲ್ ತಂಡದಲ್ಲಿ ನಾನು ಹಿಂದಿನ ಸಾಲಿನ ಆಟಗಾರನಾಗಿದ್ದೆ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದ ನನ್ನನ್ನು ತಂಡಕ್ಕೆ ಸೇರಿಸಿಕೊಂಡದ್ದು ಆಟದ ಸೊಗಸಿಗಾಗಿ ಅಲ್ಲ; ನಿಲ್ಲಿಸಿದ ಜಾಗದಿಂದ ಕದಲುವುದಿಲ್ಲ ಎಂಬ ಒಂದೇ ಗುಣಕ್ಕಾಗಿ.

ವಾಲಿಬಾಲನ್ನು ದೂರದಿಂದ ನೋಡುವವರಿಗೆ ಕಾಣುವುದು ನೆಟ್ಟಿನ ಮೇಲೆ ಎಗರಿ ಚೆಂಡನ್ನು ಹೊಡೆಯುವವನು. ಆ ಚೆಂಡನ್ನು ಅವನಿಗೆ ಬೇಕಾದ ಎತ್ತರಕ್ಕೆ, ಬೇಕಾದ ಕ್ಷಣದಲ್ಲಿ ಎತ್ತಿಕೊಡುವವನು ಲಿಫ್ಟರ್. ಆಟವನ್ನು ನಡೆಸುವವನು ಅವನೇ. ಹಾರ ಬೀಳುವುದು ಮಾತ್ರ ಹೊಡೆದವನ ಕೊರಳಿಗೆ. ನಮ್ಮ ನಾಯಕರು ಲಿಫ್ಟರ್ ಆಗಿದ್ದರು. ಐವತ್ತರ ದಶಕದ ಕೊನೆಯಲ್ಲೂ ಅರವತ್ತರ ಮೊದಲ ವರ್ಷಗಳಲ್ಲೂ ನಾವು ಆಡಿದ ಮೈದಾನಗಳಲ್ಲಿ ಅವರಷ್ಟು ಮೃದುವಾಗಿ ಚೆಂಡೆತ್ತಿದವರನ್ನು ನಾನು ಕಾಣಲಿಲ್ಲ. ಎದುರಾಳಿಗಳೂ ಇದನ್ನು ಒಪ್ಪುತ್ತಿದ್ದರು. ಒಪ್ಪಿ, ನಮ್ಮನ್ನು ಸೋಲಿಸಿ, ಕಪ್ ಹೊತ್ತುಕೊಂಡು ಹೋಗುತ್ತಿದ್ದರು.

ಗೌರಿಬಿದನೂರಿನಲ್ಲಿ ಒಮ್ಮೆ ಫೈನಲ್ಲಿನ ನಡುವೆ ನಮ್ಮ ಹೊಡೆತಗಾರ ರೆಫರಿಯೊಂದಿಗೆ ಜಗಳ ತೆಗೆದು ಹೊರನಡೆದ. ಚಿಕ್ಕಬಳ್ಳಾಪುರದಲ್ಲಿ ಒಮ್ಮೆ ಬೆಂಗಳೂರಿನ ಯಾವುದೋ ಗಿರಣಿಯ ತಂಡದವರನ್ನು ಕರೆಸಿದ್ದರು. ಅವರ ಬೂಟುಗಳನ್ನು ನೋಡಿಯೇ ನಮ್ಮವರಲ್ಲಿ ಅರ್ಧ ಮಂದಿ ಸೋತರು. ಉಳಿದ ಸೋಲುಗಳಿಗೆ ಕಾರಣವೇ ಇರಲಿಲ್ಲ. ಪ್ರತಿ ಸಲವೂ ಅದೇ ಧೂಳು, ಅದೇ ಬಸ್ಸು, ಕಿಟಕಿಗೆ ತಲೆಯಾನಿಸಿದ ಅದೇ ಆರು ಮಂದಿ. ಸೋಲಿನ ಬಗ್ಗೆ ಮಾತನಾಡುವುದನ್ನೂ ನಾವು ಕ್ರಮೇಣ ಬಿಟ್ಟಿದ್ದೆವು.

ನಾಯಕರದು ಊರಿನ ರೇಷ್ಮೆ ನೂಲು ತೆಗೆಯುವ ಮನೆತನ. ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಚರಕ. ಅದರ ಮುಂದೆ ಕುದಿನೀರಿನ ಬಾಣಲೆ. ನೀರಿನಲ್ಲಿ ತೇಲುವ ಗೂಡುಗಳಿಂದ ಎಳೆಯ ತುದಿಯನ್ನು ಬರಿಬೆರಳಿನಲ್ಲೇ ಹುಡುಕಿ ತೆಗೆಯಬೇಕು. ಆ ಬೆರಳುಗಳ ಸೂಕ್ಷ್ಮವೇ ಚೆಂಡಿನ ಮೇಲೂ ಕೆಲಸ ಮಾಡುತ್ತಿತ್ತು. ಆದರೆ ಬಿಸಿನೀರಿನಲ್ಲಿ ನೆನೆದ ಬೆರಳು ಉಬ್ಬಿ, ಬಿಳಚಿ, ತೊಗಲು ಸಡಿಲವಾಗುತ್ತದೆ. ಚೆಂಡು ಸರಿಯಾಗಿ ಹಿಡಿತಕ್ಕೆ ಬರುವುದಿಲ್ಲ. ಆದ್ದರಿಂದ ಆ ಮನೆಯಲ್ಲಿ ಒಂದು ಪದ್ಧತಿಯಿತ್ತು: ಪಂದ್ಯ ಹತ್ತಿರ ಬಂದರೆ ನಾಯಕರು ಬಾಣಲೆಗೆ ಕೈ ಹಾಕಬಾರದು, ಅವರ ಅಣ್ಣ ಒಬ್ಬರೇ ಕೂರಬೇಕು.

ಆ ವರ್ಷ ಅಣ್ಣನ ಕಣ್ಣು ಮಂಜಾಗಲು ಆರಂಭವಾಗಿತ್ತು. ಚಿಂತಾಮಣಿಯ ಪಂದ್ಯಕ್ಕೆ ಹೊರಟ ದಿನ ಬಸ್ಸಿನಲ್ಲಿ ನಾಯಕರು ನನ್ನ ಪಕ್ಕ ಕೂತು, "ಇದೇ ಕೊನೇದು ಮೇಷ್ಟ್ರೇ" ಅಂದರು. "ಅಣ್ಣಂಗೆ ಎಳೆ ಕಾಣಲ್ಲ ಈಗ. ಇನ್ನು ದಿನಾ ನಾನೇ ಕೂತ್ಕೋಬೇಕು. ದಿನಾ ನೀರಲ್ಲಿರೋ ಕೈ ಇಟ್ಕೊಂಡು ಎತ್ತಕ್ಕಾಗುತ್ತಾ? ಒಂದೇ ಒಂದು ಕಪ್ ಮನೇಗೆ ತಗೊಂಡೋಗಿ ಬಿಟ್ಬಿಡ್ತೀನಿ."

ಹಿಂದಿನ ಸೀಟಿನಿಂದ ನಮ್ಮ ಹೊಡೆತಗಾರ ತಲೆ ತೂರಿಸಿದ. ಊರಿನ ಹತ್ತಿರದ ಹಳ್ಳಿಯ ರೈತರ ಮಗ. ತಾಳೆಮರದಂಥ ಎತ್ತರ, ತಟ್ಟನೆ ಏರುವ ಕೋಪ. "ಕಪ್ ನಾನ್ ತಂದ್ಕೊಡ್ತೀನಿ ಭಾಯ್. ನೀವು ಎತ್ತಿ ಅಷ್ಟೇ."

"ನೀನು ನೆಟ್ ದಾಟಿ ಹೊಡಿಯಪ್ಪ, ಸಾಕು" ಎಂದರು ನಾಯಕರು. ಬಸ್ಸಿಗೆ ಬಸ್ಸೇ ನಕ್ಕಿತು.

ಫೈನಲ್ಲಿನಲ್ಲಿ ಮೊದಲ ಗೇಮು ನಮ್ಮದು, ಎರಡನೆಯದು ಚಿಂತಾಮಣಿಯವರದು. ಮೂರನೆಯದರಲ್ಲಿ ಗೆಲ್ಲಲು ನಮಗೆ ಇನ್ನು ಎರಡೇ ಪಾಯಿಂಟು ಬಾಕಿಯಿದ್ದಾಗ ಬೆಳಕು ಹೋಯಿತು. ದೀಪಗಳಿಲ್ಲದ ಮೈದಾನ. ಅಲ್ಲಿನ ರೂಢಿಯಂತೆ ಆಟವನ್ನು ನಿಲ್ಲಿಸಿ, ಬೆಳಗ್ಗೆ ಅದೇ ಲೆಕ್ಕದಿಂದ ಮುಂದುವರಿಸುವುದೆಂದು ರೆಫರಿ ಸಾರಿದರು. ಬೆಳಗ್ಗೆ ನಮ್ಮದಾಗುವ ಕಪ್ಪಿನ ಮಾತು ನಮ್ಮವರ ಬಾಯಲ್ಲಿ ಆಗಲೇ ಹರಿದಾಡುತ್ತಿತ್ತು.

ನಾವು ಉಳಿದುಕೊಂಡಿದ್ದ ಛತ್ರದ ಬಾಗಿಲಿಗೆ ಶಿಡ್ಲಘಟ್ಟದ ಬಸ್ಸಿನ ಕಂಡಕ್ಟರು ಬಂದು ನಾಯಕರನ್ನು ಹೊರಗೆ ಕರೆದರು; ಜೊತೆಗೆ ನಾನೊಬ್ಬನೇ ಇದ್ದೆ. ಊರಿನ ಸುದ್ದಿಗಳೆಲ್ಲ ಅವರ ಮೂಲಕವೇ ಓಡಾಡುತ್ತಿದ್ದವು. "ಏಮಪ್ಪಾ, ನಿಮ್ಮಣ್ಣಂಗೆ ಜ್ವರ. ಎದ್ದು ಕೂರಕ್ಕಾಗ್ತಿಲ್ಲ. ಗೂಡು ಇವತ್ತು ತೆಗೀದಿದ್ರೆ ಚಿಟ್ಟೆ ಒಡ್ಕೊಂಡ್ ಬರ್ತದಂತೆ, ನಿಮ್ಮತ್ತಿಗೆ ಹೇಳಿದ್ರು. ಹೇಳಿದ್ದೀನಿ, ಇನ್ನು ನಿಮ್ಮಿಷ್ಟ" ಎಂದರು.

ವಾರವೆಲ್ಲ ಮೋಡ ಕವಿದಿತ್ತು. ಗೂಡನ್ನು ಒಣಗಿಸಿ ಒಳಗಿನ ಹುಳುವನ್ನು ಕೊಲ್ಲುವಷ್ಟು ಬಿಸಿಲು ಬಿದ್ದಿರಲಿಲ್ಲ. ಚಿಟ್ಟೆ ಗೂಡನ್ನು ಕೊರೆದು ಹೊರಬಂದರೆ ಎಳೆ ತುಂಡುತುಂಡಾಗುತ್ತದೆ. ಆ ಗೂಡು ನೂಲಿಗೆ ಬರುವುದಿಲ್ಲ. ಬೀದಿಯ ಉಳಿದ ಮನೆಗಳವರಿಗೂ ಅದೇ ಮೋಡ, ಅದೇ ಅವಸರ. ಯಾರು ಯಾರ ಬಾಣಲೆಗೆ ಕೂರಬೇಕು?

ನಾಯಕರು ನನ್ನನ್ನು ಪಕ್ಕಕ್ಕೆ ಕರೆದರು. "ಹೋಗಿ ಬೆಳಗ್ಗೆ ಮೊದಲನೇ ಬಸ್ಸಿಗೆ ಬರ್ತೀನಿ. ಅಣ್ಣನ್ನ ನೋಡ್ಕೊಂಡ್ ಬರಕ್ಕೆ ಹೋದ ಅನ್ನಿ. ಬೇರೆ ಏನೂ ಹೇಳ್ಬೇಡಿ."

"ನಿಮ್ಮ ಕೈ?"

"ನಮ್ದು ಹುಟ್ಟಿದಾಗಿಂದ ನೀರಲ್ಲಿರೋ ಕೈ, ಮೇಷ್ಟ್ರೇ" ಎಂದು ಬಸ್ಸು ಹತ್ತಿದರು.

ಬೆಳಗ್ಗೆ ಹೇಳಿದ ಹೊತ್ತಿಗೆ ಬಂದರು. ಕಣ್ಣುಗಳು ಕೆಂಪಾಗಿದ್ದವು, ಕೈಗಳು ಜುಬ್ಬದ ಜೇಬಿನಲ್ಲಿದ್ದವು. ಮೈದಾನದಲ್ಲಿ ಕೈ ಹೊರತೆಗೆದಾಗ ಹತ್ತಿರವಿದ್ದ ನಾನು ನೋಡಿದೆ: ಬೆರಳ ತುದಿಗಳು ಬೇಯಿಸಿ ತೆಗೆದಂತೆ ಬೆಳ್ಳಗೆ ಸುಕ್ಕಾಗಿದ್ದವು, ಒಂದೆರಡು ಕಡೆ ತೊಗಲು ಎದ್ದಿತ್ತು. ಅವರು ಮಣ್ಣನ್ನೆತ್ತಿ ಅಂಗೈಗೆ ಉಜ್ಜಿಕೊಂಡರು.

ಮೊದಲ ಚೆಂಡನ್ನು ಎತ್ತಿದಾಗ ಅದು ಒಂದು ಕೈಯನ್ನು ಮೊದಲು, ಇನ್ನೊಂದನ್ನು ಆಮೇಲೆ ಬಿಟ್ಟಿತು. "ಡಬಲ್!" ಎಂದು ರೆಫರಿ, ಚೆಂಡನ್ನು ಎರಡು ಸಲ ಮುಟ್ಟಿದ ತಪ್ಪಿಗೆ ಸೀಟಿ ಊದಿದರು. ನಮ್ಮ ನಾಯಕರ ಮೇಲೆ ಅಂಥ ಸೀಟಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ. ಪ್ರೇಕ್ಷಕರಲ್ಲಿ ಒಬ್ಬ, "ಶಿಡ್ಲಘಟ್ಟದ ಸಾಬ್ರಿಗೆ ನಿದ್ದೆ ಬಂದೈತೆ ಕಣ್ರೋ!" ಎಂದು ಕೂಗಿದ. ಇನ್ನೊಂದು ಚೆಂಡು, ಇನ್ನೊಂದು ಸೀಟಿ. ಚಿಂತಾಮಣಿಯವರು ಒಂದೊಂದೇ ಪಾಯಿಂಟು ಕೂಡಿಸಿ ನಮ್ಮ ಸಮಕ್ಕೆ ಬಂದರು. ಹೊಡೆತಗಾರ ನೆಲವನ್ನು ಒದ್ದು, "ಏನಾಯ್ತು ಭಾಯ್ ನಿಮ್ಗೆ?" ಎಂದು ಅರಚಿದ.

ನಾಯಕರು ನೆಟ್ಟಿನ ಬಳಿಯಿಂದ ಹಿಂದೆ ಬಂದು ನನ್ನ ಜಾಗದಲ್ಲಿ ನಿಂತರು. "ಮೇಷ್ಟ್ರೇ, ನೀವ್ ಎತ್ತಿ."

ಎತ್ತಿದೆ. ತಪ್ಪಿಲ್ಲದೆ ಎತ್ತಿದೆ, ಯಾರೂ ಸೀಟಿ ಊದಲಿಲ್ಲ. ಆದರೆ ಅದು ಹೊಡೆಯಲು ಬರುವ ಚೆಂಡಾಗಿರಲಿಲ್ಲ. ಎಷ್ಟು ತಗ್ಗಿನಲ್ಲಿತ್ತೆಂದರೆ ಹೊಡೆತಗಾರ ಎಗರಿ ಕೆಳಗಿಳಿಯುವ ಹೊತ್ತಿಗೆ ಅವನ ಕೈಗೆ ಸಿಕ್ಕಿತು, ನೇರವಾಗಿ ನೆಟ್ಟಿಗೆ ಹೋಯಿತು. ಮರುಗಳಿಗೆಯಲ್ಲಿ ಆಟ ಮುಗಿಯಿತು. ಚಿಂತಾಮಣಿಯವರು ತಮ್ಮ ಹೊಡೆತಗಾರನನ್ನು ಹೆಗಲ ಮೇಲೆ ಹೊತ್ತು ಕುಣಿದರು.

ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಚಹಾ ತರಿಸಿದೆವು. ನಾಯಕರು ಗ್ಲಾಸನ್ನು ಮುಟ್ಟಿದವರೇ ಕೈ ಹಿಂದೆಗೆದುಕೊಂಡರು. ಟವಲನ್ನು ಮಡಿಸಿ, ಅದರಲ್ಲಿ ಗ್ಲಾಸು ಹಿಡಿದರು. ಎದುರಿಗಿದ್ದ ಹೊಡೆತಗಾರ ಅದನ್ನು ನೋಡಿದ. ಟವಲನ್ನು ಸರಿಸಿ ಬೆರಳುಗಳನ್ನು ನೋಡಿದ.

"ನಿನ್ನೆ ಬಾಣಲೆಗೆ ಕೂತಿದ್ರಾ?"

"ಹೂಂ."

"ಹೇಳ್ಬಾರ್ದಾಗಿತ್ತಾ ಭಾಯ್?"

"ಹೇಳಿದ್ರೆ ನೀನು ನನ್ನ ಆಡಕ್ಕೆ ಬಿಡ್ತಿದ್ದೇನಪ್ಪಾ?"

ಅವನು ಬಿಡುತ್ತಿರಲಿಲ್ಲ ಎಂಬುದು ನಮಗೆಲ್ಲ ಗೊತ್ತಿತ್ತು. ಬೆರಳು ಸರಿಯಿದ್ದ ಬೇರೊಬ್ಬನನ್ನು ನೆಟ್ಟಿನ ಬಳಿ ಮೊದಲೇ ನಿಲ್ಲಿಸಿದ್ದರೆ ಆ ಎರಡು ಪಾಯಿಂಟು ಹೇಗೋ ಬರುತ್ತಿತ್ತೇನೋ, ಬರುತ್ತಿರಲಿಲ್ಲವೇನೋ. ತಾವು ಎತ್ತದ ಚೆಂಡಿನಿಂದ ಬರುವ ಕಪ್ ಅವರಿಗೆ ಬೇಕಾಗಿತ್ತೇ ಎಂದು ನಾನು ಕೇಳಲಿಲ್ಲ.

ಶಿಡ್ಲಘಟ್ಟದಲ್ಲಿ ಇಳಿದಾಗ ಅವರ ಅಣ್ಣ ಕಂಬಳಿ ಹೊದ್ದು ಬಸ್ ಸ್ಟ್ಯಾಂಡಿಗೇ ಬಂದು ಕಾದಿದ್ದರು. ಮಂಜುಗಣ್ಣನ್ನು ಕಿರಿದು ಮಾಡಿ ಇಳಿಯುವವರ ಕೈಗಳನ್ನು ಒಬ್ಬೊಬ್ಬರದಾಗಿ ನೋಡುತ್ತಿದ್ದರು. ಕಪ್ ಯಾರ ಕೈಯಲ್ಲಿದೆಯೆಂದು. ನಾಯಕರು ಅವರ ತೋಳು ಹಿಡಿದು, ಉರ್ದುವಿನಲ್ಲಿ ಏನೋ ಹೇಳಿ, ಮನೆಯ ಕಡೆ ತಿರುಗಿಸಿದರು. ಅಣ್ಣ ಎರಡು ಹೆಜ್ಜೆ ಹೋಗಿ ನಿಂತು, ತೋಳು ಹಿಡಿದಿದ್ದ ಬೆರಳುಗಳ ತುದಿಯನ್ನು ತಡವಿ ನೋಡಿದರು. ನಾಯಕರು ಕಾಯುತ್ತ ಪಕ್ಕದಲ್ಲೇ ನಿಂತರು. ಆಮೇಲೆ ಇಬ್ಬರೂ ನಡೆದರು.